ನಂಜುಂಡಯ್ಯನ ಸರದಿ

ದಾರಿ ತಪ್ಪಿದೆ ಎಂಬುದು ನಂಜುಂಡಯ್ಯನಿಗೆ ಖಚಿತವಾದದ್ದು ಹುಣಸೆಮರದ ಹತ್ತಿರ. ಅಥವಾ ಹುಣಸೆಮರ ಇರಬೇಕಾಗಿದ್ದ ಜಾಗದ ಹತ್ತಿರ. ಅಲ್ಲಿ ಈಗ ನೀಲಗಿರಿ ತೋಪು ಎದ್ದಿತ್ತು. ಸಾಲು ಹಿಡಿದು ನಿಂತ ಬಿಳಿಯ ಕಾಂಡಗಳ ನಡುವೆ ಯಾವ ಕಡೆಗೆ ನೋಡಿದರೂ ಒಂದೊಂದು ದಾರಿ ಇದ್ದ ಹಾಗೆ ಕಾಣುತ್ತಿತ್ತು, ಎರಡು ಹೆಜ್ಜೆ ಸರಿದು ನೋಡಿದರೆ ಆ ದಾರಿ ಮುಚ್ಚಿಕೊಂಡು ಬೇರೊಂದು ತೆರೆದುಕೊಳ್ಳುತ್ತಿತ್ತು. ಅವನು ನಿಲ್ಲಲಿಲ್ಲ. ನಿಂತರೆ ಹಿಂದೆ ಬರುತ್ತಿದ್ದ ಮೂವರೂ ನಿಲ್ಲುತ್ತಾರೆ. ಮೂವರು ನಿಂತರೆ ಯಾರಾದರೊಬ್ಬರು ಬಾಯಿ ಬಿಡುತ್ತಾರೆ. ಮುಂದೆ ನಡೆಯುವವನಿಗೆ ಇರುವ ದೊಡ್ಡ ಅನುಕೂಲವೆಂದರೆ ಅವನ ಮುಖ ಯಾರಿಗೂ ಕಾಣುವುದಿಲ್ಲ. ಆದರೆ ಬೆನ್ನು ಕಾಣುತ್ತದೆ. ತನ್ನ ಬೆನ್ನು ಈಗ ಅವರಿಗೆ ಏನು ಹೇಳುತ್ತಿರಬಹುದು ಎಂದು ಯೋಚಿಸುತ್ತ ಅವನು ಭುಜವನ್ನು ಸ್ವಲ್ಪ ಹಿಂದಕ್ಕೆಳೆದು, ದಾರಿ ಬಲ್ಲವನ ಹಾಗೆ, ಎರಡು ಕಾಂಡಗಳ ನಡುವಿನ ಒಂದು ಸಂದಿನೊಳಕ್ಕೆ ನುಗ್ಗಿದ. ಹಿಂದಿನಿಂದ ಮರಿಯಪ್ಪನ ಕಂಪನಿ ಬೂಟಿನ ಭಾರವಾದ ಸದ್ದು, ಲೋಕೇಶನ ಕ್ಯಾನ್ವಾಸ್ ಷೂಗಳ ಸರಪರ, ಎಲ್ಲಕ್ಕಿಂತ ಕೊನೆಗೆ ಶುಕೂರನ ತೊಗಲಿನ ಚಪ್ಪಲಿ ಒಣಗಿದ ಎಲೆಯ ಮೇಲೆ ಚಟಚಟನೆ ಬರುತ್ತಿದ್ದುದು ಕೇಳಿಸಿತು. ಆ ಕೊನೆಯ ಸದ್ದನ್ನು ಕೇಳಲಾರದೆ ಅವನು ಇನ್ನಷ್ಟು ಬಿರುಸಾಗಿ ನಡೆದ.

ಅಂದು ಸಂಜೆ ಐದಕ್ಕೆ ರಾಮನಗರದಲ್ಲಿ ಶುಕೂರನ ಮನೆಗೆ ಚನ್ನಪಟ್ಟಣದ ಬೊಂಬೆ ವ್ಯಾಪಾರಿ ಮುನಾವರ್ ಸಾಹೇಬರ ಮನೆಯವರು ಬರುವವರಿದ್ದರು, ಅವನ ಮಗಳು ಸಾನಾಳನ್ನು ನೋಡುವುದಕ್ಕೆ. ಹಿಂದೆ ಎರಡು ಕಡೆಯವರು ಬಂದು, ಚಹಾ ಕುಡಿದು, ಹುಡುಗಿಯನ್ನು ಹೊಗಳಿ, ತಿರುಗಿ ಒಂದು ಮಾತೂ ಹೇಳಿ ಕಳಿಸದೆ ಸುಮ್ಮನಾಗಿದ್ದರು. ಇದು ಮೂರನೆಯದು. ಇದೂ ಕೈಬಿಟ್ಟರೆ ಬೀದಿಯಲ್ಲಿ ಸಾನಾಳ ಹೆಸರು ಬೇರೆ ರೀತಿಯಲ್ಲಿ ಓಡಾಡತೊಡಗುತ್ತದೆ ಎಂಬ ಹೆದರಿಕೆ ಶುಕೂರನಿಗಿಂತ ಅವನ ಹೆಂಡತಿ ಅಕ್ಬರಿ ಬೇಗಂಗೆ ಹೆಚ್ಚಾಗಿತ್ತು. ಬೆಳಗಿನ ನಸುಕಿನಲ್ಲಿ ನಂಜುಂಡಯ್ಯ ಅವರ ಬಾಗಿಲಿಗೆ ಹೋದಾಗ, ಗಡ್ಡಕ್ಕೆ ಹೊಸದಾಗಿ ಮೆಹಂದಿ ಹಚ್ಚಿಕೊಂಡಿದ್ದ ಶುಕೂರ್ ಹೊಸಲಿನ ಮೇಲೆ ಅನುಮಾನಿಸುತ್ತ ನಿಂತಿದ್ದ. ಒಳಗೆ ಪರದೆಯ ಹಿಂದಿನಿಂದ ಆಕೆ, "ಇವತ್ತೊಂದು ದಿವಸ ಬೇಡ ಅಣ್ಣಾ," ಎಂದಳು. "ನಾನಿದ್ದೀನಲ್ವೇನಮ್ಮ? ಎರಡು ಗಂಟೆ ಬಸ್ಸಿಗೆ ಹತ್ತಿಸ್ತೀನಿ, ಮೂರೂವರೆಗೆ ನಿಮ್ ಮನೇಲಿ ಬುಡ್ತೀನಿ. ನಮ್ಮವ್ವನ ತವರು ಕಣಮ್ಮ, ಕಣ್ಣಿಗೆ ಬಟ್ಟೆ ಕಟ್ಟಿದ್ರೂ ನಡೀತೀನಿ," ಎಂದು ನಂಜುಂಡಯ್ಯ ನಕ್ಕಿದ್ದ. ಆ ನಗುವನ್ನು ಈಗ ನೆನೆದರೆ ಕಿವಿಯ ತುದಿ ಬಿಸಿಯಾಗುತ್ತಿತ್ತು. ಕಣ್ಣಿಗೆ ಬಟ್ಟೆ! ಹತ್ತು ವರ್ಷದ ಹುಡುಗನಾಗಿ ಕೊನೆಯ ಸಲ ನಡೆದ ದಾರಿ ಅದು, ಅದೂ ಅರ್ಧ ದೂರ ಅವ್ವನ ಸೆರಗು ಹಿಡಿದುಕೊಂಡು.

ನಾಲ್ವರೂ ಬಿಡದಿಯ ಕಡೆ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಒಂದೇ ಸಾಲಿನ ಯಂತ್ರಗಳ ಮುಂದೆ ನಿಂತವರು. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಸಿಮೆಂಟಿನ ನೆಲದ ಮೇಲೆ ದಿನವಿಡೀ ನಿಂತು ನಿಂತು, ಮರಿಯಪ್ಪ ಒಮ್ಮೆ ಊಟದ ಹೊತ್ತಿನಲ್ಲಿ, "ಕಾಲು ಅನ್ನೋವು ನಿಲ್ಲಾಕೆ ಮಾತ್ರ ಅಂತ ಮರ್ತೋಗದೆ ಕಣ್ರಲಾ," ಎಂದು ಬೇಸರದಿಂದ ಹೇಳಿದ್ದೇ ಮೂರು ವರ್ಷಗಳ ಈ ನಡಿಗೆಗೆ ಮೊದಲಾಯಿತು. ತಿಂಗಳಿಗೊಂದು ಭಾನುವಾರ ಒಂದು ರಸ್ತೆಯಲ್ಲಿ ಬಸ್ಸಿಳಿದು ಹೊಲ, ಗುಡ್ಡ, ಕೆರೆ ಏರಿ ಹಾಯ್ದು ಇನ್ನೊಂದು ರಸ್ತೆಯಲ್ಲಿ ಬಸ್ಸು ಹತ್ತುವುದು. ಹರಕೆಯಿಲ್ಲ, ನೆಂಟರಿಲ್ಲ, ಕೆಲಸವಿಲ್ಲ. ಹೀಗೆ ಸುಮ್ಮನೆ ನಡೆಯುವ ಗಂಡಸರನ್ನು ಆ ಸೀಮೆ ಕಂಡಿರಲಿಲ್ಲ. ಒಗೆದ ಷರಟು ತೊಟ್ಟ ನಾಲ್ಕು ಜನ ಹೊಲದ ಬದುವಿನ ಮೇಲೆ ಬಂದರೆಂದರೆ ಜಮೀನು ನೋಡಲು ಬಂದ ದಲ್ಲಾಳಿಗಳೆಂದೇ ಲೆಕ್ಕ. ಕೆಲವರು ನಾಯಿ ಬಿಟ್ಟಿದ್ದೂ ಉಂಟು, ಕೆಲವರು ಎಳನೀರು ಕೆತ್ತಿಕೊಟ್ಟು ಎಕರೆಗೇನು ನಡೀತದೆ ಎಂದು ಕೇಳಿದ್ದೂ ಉಂಟು. ಅವರವರಲ್ಲೇ ಒಂದು ಕಟ್ಟಳೆ ಬೆಳೆದಿತ್ತು. ಯಾರ ಸೀಮೆಯೋ ಅವನು ಮುಂದೆ. ಅವನು ತಿರುಗಿದ ಕಡೆ ಉಳಿದವರು ತಿರುಗಬೇಕು, ಎದುರು ಮಾತಾಡಬಾರದು. ತಿಪ್ಪಸಂದ್ರದ ಕಡೆ ಲೋಕೇಶ್ ಮುಂದೆ ನಡೆದಿದ್ದ, ಅದು ಅವನ ಮಾವನ ಮನೆ. ಮಾಗಡಿಯ ಕಡೆ ಮರಿಯಪ್ಪ. ರಾಮನಗರದ ಗುಡ್ಡಗಳಲ್ಲಿ ಶುಕೂರ್. ನಂಜುಂಡಯ್ಯ ಮಾತ್ರ ಮೂರು ವರ್ಷವೂ ಯಾರದಾದರೊಬ್ಬರ ಬೆನ್ನು ನೋಡುತ್ತ ನಡೆದವನು. ಕಬ್ಬಾಳಿನ ಬೆಟ್ಟದ ಹಿಂದೆ ಅವ್ವನ ತವರಿದೆ, ಅಲ್ಲಿನ ಬಾವಿಯ ನೀರು ಹಾಗೆ, ಹಲಸು ಹೀಗೆ ಎಂದು ಹೇಳುತ್ತ ಬಂದವನು, ಸರದಿ ಬಂದಾಗಲೆಲ್ಲ ಏನೋ ನೆವ ಹೇಳಿ ಮುಂದೂಡಿದ್ದ.

ಈ ಸಲ ಮುಂದೂಡದಿರಲು ಕಾರಣವಿತ್ತು. ಅದನ್ನು ಅವನು ತನಗೆ ತಾನೇ ಪೂರ್ತಿ ಹೇಳಿಕೊಂಡಿರಲಿಲ್ಲ. ಹೋದ ವಾರ ಹೊಸ ಇಂಜಿನಿಯರು, ಮೀಸೆ ಸರಿಯಾಗಿ ಬಲಿಯದ ಹುಡುಗ, ಎಲ್ಲರೆದುರಿಗೇ ಅವನ ಭುಜದ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ, "ನಂಜುಂಡಯ್ಯ, ನೀವು ನಾಳೆಯಿಂದ ಪ್ಯಾಕಿಂಗ್ ಕಡೆ ಬನ್ನಿ, ಅಲ್ಲಿ ಸ್ಟೂಲ್ ಇದೆ, ಕೂತ್ಕೋಬಹುದು," ಎಂದಿದ್ದ. ಸ್ಟೂಲು. ಹೆಂಗಸರ ನಡುವೆ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತ ಅವನು ಆರು ದಿನ ಕೂತಿದ್ದ. ಆ ಕಡೆ ಹಾದುಹೋಗುವಾಗ ಶುಕೂರ್ ಒಮ್ಮೆಯೂ ಸ್ಟೂಲನ್ನು ನೋಡಿದವನ ಹಾಗೆ ನೋಡಲಿಲ್ಲ. ಎಂದಿನಂತೆ ಕಣ್ಣು ಮಿಟುಕಿಸಿ ಹೋಗಿದ್ದ. ಬಹುಶಃ ಅದಕ್ಕೇ ಶುಕೂರ್ ಇವತ್ತು ಹಿಂದೆ ಇರಲೇಬೇಕಾಗಿತ್ತು. ಲೋಕೇಶ್ ಇಲ್ಲದಿದ್ದರೆ ನಡೆಯುತ್ತಿತ್ತು, ಮರಿಯಪ್ಪ ಇಲ್ಲದಿದ್ದರೂ. ತಾನು ಒಂದಾದರೂ ದಾರಿಯನ್ನು ಬಲ್ಲವನೆಂದು ಶುಕೂರ್ ನೋಡಬೇಕಾಗಿತ್ತು. ಅದಕ್ಕಾಗಿ ಮಗಳನ್ನು ನೋಡಲು ಬರುವ ದಿನ ಒಬ್ಬ ತಂದೆಯನ್ನು ಮನೆಯಿಂದ ಎಬ್ಬಿಸಿಕೊಂಡು ಬಂದೆನಲ್ಲ ಎಂದುಕೊಳ್ಳುತ್ತಲೇ ಅವನು ತೋಪನ್ನು ದಾಟಿದ.

ತೋಪಿನ ಆಚೆ ಬೋಳುಗುಡ್ಡದ ಮೇಲೆ ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹಣೆಗೆ ಕೈಯಡ್ಡ ಹಿಡಿದು ಇವರನ್ನು ನೋಡಿದಳು.

"ಯಾವ್ ಕಂಪ್ನಿಯೋರಪ್ಪ? ಸೈಟ್ ಮಾಡಾಕೆ ಬಂದ್ರಾ?"

"ಇಲ್ಲ ಕಣಜ್ಜಿ, ಸುಮ್ಕೆ ನಡೀತಾ ಇದ್ದೀವಿ," ಎಂದ ಲೋಕೇಶ್.

"ಸುಮ್ಕೆ ಯಾರಪ್ಪ ನಡೀತಾರೆ? ಹೇಳಾಕ್ ಇಷ್ಟ ಇಲ್ದಿದ್ರೆ ಬುಡಿ," ಎಂದು ಅಜ್ಜಿ ಮೇಕೆಗಳ ಕಡೆ ತಿರುಗಿದಳು.

ಮರಿಯಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಅಜ್ಜೀನ ಒಂದ್ ಮಾತು ಕೇಳ್ಬುಡಾನ ಕಣ್ಲಾ. ಶುಕೂರ್‍ಗೆ ಹೊತ್ತಾಯ್ತದೆ."

"ಏನಂತ ಕೇಳ್ಲಿ? ನಮ್ಮವ್ವನ ಊರಿಗೆ ಯಾವ್ ಕಡೆ ಹೋಗ್ಬೇಕು ಅಂತ ನಾನು ಕೇಳ್ಲಾ? ನಗಲ್ವೇನ್ಲಾ ಅವ್ಳು?"

"ನಕ್ರೆ ನಗ್ಲಿ."

"ನಿನ್ ಸರದೀಲಿ ನಾನ್ ಬಾಯ್ ಬುಟ್ನಾ?" ಎಂದ ನಂಜುಂಡಯ್ಯ, ಅಂದುಕೊಂಡದ್ದಕ್ಕಿಂತ ಜೋರಾಗಿ. ಹಿಂದೆ ಶುಕೂರ್, "ಅವನೇ ಕರ್ಕೊಂಡೋಗ್ತಾನೆ ಬಿಡಪ್ಪ, ಅವನದ್ದೇ ಊರಲ್ವಾ," ಎಂದದ್ದು ಕೇಳಿಸಿತು. ಆ ದನಿಯಲ್ಲಿ ವ್ಯಂಗ್ಯವೇನಾದರೂ ಇದ್ದೀತೇ ಎಂದು ನಂಜುಂಡಯ್ಯ ಬಹಳ ದೂರದವರೆಗೆ ಆ ಮಾತನ್ನು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿದ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಗೆಲ್ಲ ಅವ್ವ ದಾರಿಯನ್ನು ನೋಡುತ್ತಲೇ ಇರಲಿಲ್ಲ. ತಲೆಯ ಮೇಲೆ ಹುರುಳಿಯ ಗಂಟು, ಕಂಕುಳಲ್ಲಿ ತಂಗಿ, ಬಾಯಲ್ಲಿ ಅತ್ತೆಯ ಮೇಲಿನ ದೂರು. ಕಾಲು ತನ್ನ ಪಾಡಿಗೆ ತಾನು ಕವಲು ಬಂದಲ್ಲಿ ಎಡಕ್ಕೋ ಬಲಕ್ಕೋ ಹೊರಳುತ್ತಿತ್ತು. ಹುತ್ತ ಬಂದರೆ ಮಾತು ನಿಲ್ಲಿಸದೆಯೇ ಒಂದು ಕೈ ಎತ್ತಿ ಕೆನ್ನೆಗೆ ಮುಟ್ಟಿಸಿಕೊಳ್ಳುತ್ತಿದ್ದಳು. ಆ ಹುತ್ತ ಎಲ್ಲಿ? ಅದರ ಪಕ್ಕದ ಕಳ್ಳಿಸಾಲು ಎಲ್ಲಿ? ನೆನಪಿನಲ್ಲಿ ಎಲ್ಲವೂ ಇತ್ತು, ಒಂದರ ಪಕ್ಕ ಒಂದು ಮಾತ್ರ ಇರಲಿಲ್ಲ. ಅಷ್ಟರಲ್ಲಿ ಎದುರಿಗೆ ಗೋಡೆ ಬಂತು. ಇಟ್ಟಿಗೆಯಲ್ಲ, ಸಿಮೆಂಟಿನ ಹಲಗೆಗಳನ್ನು ಒಂದರ ಮೇಲೊಂದು ಸೇರಿಸಿ ನಿಲ್ಲಿಸಿದ ಗೋಡೆ, ನೆತ್ತಿಯ ಮೇಲೆ ಮುಳ್ಳುತಂತಿ. ಒಳಗೆ ಕಲ್ಲು ಕೊಯ್ಯುವ ಕಾರ್ಖಾನೆ ಇರಬೇಕು. ಗೋಡೆಯ ಬುಡದ ತೂಬಿನಿಂದ ಹಿಟ್ಟು ಕಲಸಿದಂಥ ಬಿಳಿಯ ರಾಡಿ ಹರಿದು ಬಂದು ಒಂದು ಹಳ್ಳವನ್ನೇ ತುಂಬಿ, ಒಣಗಿ, ಬಿರುಕು ಬಿಟ್ಟಿತ್ತು. ಗೋಡೆ ಎಡಕ್ಕೂ ಹೋಗಿತ್ತು, ಬಲಕ್ಕೂ ಹೋಗಿತ್ತು.

"ಹೊಸ್ದಾಗಿ ಕಟ್ಟವ್ರೆ," ಎಂದ ನಂಜುಂಡಯ್ಯ, ಗೋಡೆಗೆ ಅಸಮಾಧಾನ ತೋರಿಸುತ್ತ. "ಬಳಸ್ಕೊಂಡು ಹೋದ್ರೆ ಆಯ್ತು." ಎಡಕ್ಕೆ ತಿರುಗಿದ. ಎಡಕ್ಕೆ ಏಕೆಂದು ಕೇಳಿದ್ದರೆ ಹೇಳಲು ಏನೂ ಇರಲಿಲ್ಲ, ಯಾರೂ ಕೇಳಲಿಲ್ಲ.

ಗೋಡೆಯ ನೆರಳಿಲ್ಲದ ಬುಡದಲ್ಲಿ ಬುತ್ತಿ ಬಿಚ್ಚಿದರು. ಬಾವಿಯ ಕಟ್ಟೆಯ ಮೇಲೆ ಕೂತು ಉಣ್ಣಬೇಕೆಂದು ತಂದ ಮುದ್ದೆ ಗಟ್ಟಿಯಾಗಿ ಕೈಗೆ ಅಂಟಿತು. ಶುಕೂರ್ ಬಾಟಲಿಯ ನೀರಿನಲ್ಲಿ ಮಿತವಾಗಿ ಕೈಕಾಲು ತೊಳೆದು, ನಮಾಜಿಗೆಂದು ಹೆಗಲ ಟವೆಲ್ಲನ್ನು ಕೊಡವಿ ಹಿಡಿದುಕೊಂಡು, "ನಂಜು, ಪಡುವಣ ಯಾವ ಕಡೆ?" ಎಂದು ಕೇಳಿದ. ಸಹಜವಾಗಿ ಕೇಳಿದ, ಪ್ರತಿ ನಡಿಗೆಯಲ್ಲೂ ಮುಂದೆ ನಡೆಯುವವನನ್ನು ಹಾಗೆಯೇ ಕೇಳುತ್ತಿದ್ದ. ಏಪ್ರಿಲ್ಲಿನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಂತಿದ್ದ, ನೆರಳು ಕಾಲಡಿಯಲ್ಲೇ ಮುದುಡಿತ್ತು. ನಂಜುಂಡಯ್ಯ ಗೋಡೆಯನ್ನು ನೋಡಿದ, ಆಕಾಶವನ್ನು ನೋಡಿದ, ಆಮೇಲೆ ತಡವಾದರೆ ತಿಳಿದುಬಿಡುತ್ತದೆಂದು ಒಂದು ಬಂಡೆಯ ಕಡೆ ಕೈ ತೋರಿಸಿದ. ಶುಕೂರ್ ಆ ಬಂಡೆಯ ಕಡೆಗೆ ಟವೆಲ್ಲು ಹಾಸಿ, ಕೈಕಟ್ಟಿ ನಿಂತು, ಬಾಗಿದ, ಹಣೆ ಊರಿದ. ಏನೋ ಬಹಳ ಹೊತ್ತು ಬೇಡಿಕೊಂಡ. ಏನೆಂದು ಊಹಿಸುವುದು ಕಷ್ಟವಿರಲಿಲ್ಲ. ಮುಂದೆ ಒಂದು ತಾಸು ನಡೆದು ನೆರಳು ಉದ್ದವಾಗತೊಡಗಿದಾಗ, ಸೂರ್ಯ ಇಳಿಯುತ್ತಿರುವುದು ಆ ಬಂಡೆಯ ದಿಕ್ಕಿಗಲ್ಲ, ಪೂರಾ ಬೇರೆ ಕಡೆಗೆ ಎಂದು ನಂಜುಂಡಯ್ಯನಿಗೆ ಕಂಡಿತು. ತಿರುಗಿ ನೋಡಬಾರದೆಂದುಕೊಂಡೇ ತಿರುಗಿ ನೋಡಿದ. ಶುಕೂರನೂ ಸೂರ್ಯನನ್ನೇ ನೋಡುತ್ತಿದ್ದ. ಕಣ್ಣು ಕೂಡಿದೊಡನೆ ಅವನು ಬೇಗನೆ ತಲೆ ತಗ್ಗಿಸಿ ಚಪ್ಪಲಿಯ ಉಂಗುಟ ಸರಿಪಡಿಸಿಕೊಳ್ಳತೊಡಗಿದ, ತಾನೇ ಏನೋ ಕದ್ದು ಸಿಕ್ಕಿಬಿದ್ದವನಂತೆ.

ಎರಡು ಗಂಟೆಯ ಬಸ್ಸು ಯಾವುದೋ ರಸ್ತೆಯ ಮೇಲೆ ಹೋಗಿಬಿಟ್ಟಿರಬೇಕು. ಅದರ ಮಾತನ್ನು ಯಾರೂ ಎತ್ತಲಿಲ್ಲ. ಲೋಕೇಶ್ ಆಗಾಗ ಬಂಡೆಯ ಮೇಲೆ ಹತ್ತಿ ಮೊಬೈಲನ್ನು ಆಕಾಶಕ್ಕೆ ಚಾಚಿ, "ಸಿಗ್ನಲ್ ಒಂದು ಕಡ್ಡೀನೂ ಇಲ್ಲ," ಎಂದು ಇಳಿಯುತ್ತಿದ್ದ. ಗೋಡೆ ಮುಗಿದ ಕಡೆ ಕಬ್ಬಿಣದ ಗೇಟು, ಗೇಟಿನ ಪಕ್ಕ ತಗಡಿನ ಗೂಡು, ಗೂಡಿನಲ್ಲಿ ಖಾಕಿ ಅಂಗಿಯ ಕಾವಲುಗಾರ ಕಂಡಾಗ ನಂಜುಂಡಯ್ಯನೊಳಗೆ ಏನೋ ಕುಸಿಯಿತು. ಕುಸಿದೊಡನೆ ಹಗುರವೂ ಎನಿಸಿತು. ಅವನು ನೇರವಾಗಿ ಹೋಗಿ, ಬೆಳಗಿನಿಂದ ಹೇಳದೆ ಹಿಡಿದಿದ್ದ ಮಾತನ್ನು ಹೇಳಿದ. "ಅಣ್ಣಾ, ಇಲ್ಲಿ ಒಂದು ಹಟ್ಟಿ ಇತ್ತಲ್ಲ, ಬಾವಿ ಪಕ್ಕ, ಅಲ್ಲಿಗೆ ದಾರಿ ಯಾವ್ದಣ್ಣ? ನಮ್ಮವ್ವನ ತವರು."

ಕಾವಲುಗಾರ ಮುಖವನ್ನೇ ನೋಡಿದ. ಹುಡುಗು ಮುಖ, ಪರಸೀಮೆಯ ಕಣ್ಣು. "ಕನ್ನಡ್ ನಹೀ," ಎಂದ.

ನಂಜುಂಡಯ್ಯ ಕೈಯಲ್ಲಿ ಬಾವಿಯ ಆಕಾರ ತೋರಿಸಿದ. ಹುಡುಗ ನಕ್ಕು ತನ್ನ ನೀರಿನ ಕೊಡ ತೋರಿಸಿದ. ಆಗ ಶುಕೂರ್ ಮುಂದೆ ಬಂದು, ನಂಜುಂಡಯ್ಯನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಉರ್ದುವಿನಲ್ಲಿ ಮಾತಾಡಿದ. ಹುಡುಗನ ಮುಖ ಅರಳಿತು. ಬಿಹಾರದ ಕಡೆಯವನಂತೆ, ಬಂದು ಎಂಟು ತಿಂಗಳಾಯಿತಂತೆ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಂಜುಂಡಯ್ಯ ತನ್ನ ಅವ್ವನ ತವರಿನ ನೆಲದ ಮೇಲೆ, ತನ್ನ ಪ್ರಶ್ನೆ ಬೇರೆ ಭಾಷೆಯಲ್ಲಿ ಹೋಗಿ ಉತ್ತರ ತರುವುದನ್ನು ಕಾಯುತ್ತ ನಿಂತ. ಶುಕೂರ್ ಹಿಂದಿರುಗಿ ಅವನ ಕಣ್ಣು ತಪ್ಪಿಸಿ ಹೇಳಿದ: "ಊರು ಇಲ್ವಂತೆ ನಂಜು. ಕಲ್ಲು ಸಿಡಿಸೋಕೆ ಶುರು ಮಾಡಿದ್ಮೇಲೆ ಗೋಡೆ ಬಿರುಕು ಬಿಟ್ಟು ಒಬ್ಬೊಬ್ರೇ ಎದ್ದು ಹೋದ್ರಂತೆ. ಇವನು ಬರೋಕೆ ಮುಂಚೆ. ಬಾವಿ... ಅಲ್ಲಿ ಲಾರಿ ನಿಲ್ತಾವಲ್ಲ, ಆ ಜಾಗ ಅಂತಾನೆ." ಗೇಟಿನ ಸಂದಿಯಿಂದ ಜಲ್ಲಿ ಹಾಸಿದ ಬಯಲು ಕಂಡಿತು, ಒಂದು ಮೂಲೆಯಲ್ಲಿ ಟೈರು ಬಿಚ್ಚಿದ ಲಾರಿ. ನಂಜುಂಡಯ್ಯ ಅಳಬೇಕೆಂದುಕೊಂಡ, ಆದರೆ ಅಳುವ ಹಕ್ಕು ಇವತ್ತು ತನ್ನದಲ್ಲ ಎನಿಸಿ, "ರಸ್ತೆ ಯಾವ ಕಡೆಯಂತೆ?" ಎಂದು ಮಾತ್ರ ಕೇಳಿದ.

ಲಾರಿಗಳ ದಾರಿ ಹಿಡಿದು ಇಳಿದರು. ಈಗ ಶುಕೂರ್ ಮುಂದೆ. ಯಾರೂ ಹೇಳದೆಯೇ ಹಾಗಾಗಿತ್ತು. ಭಾನುವಾರ, ಒಂದು ಲಾರಿಯೂ ಬರಲಿಲ್ಲ. ಮೊಣಕಾಲವರೆಗೆ ಎದ್ದ ಕೆಂಧೂಳಿನಲ್ಲಿ ಶುಕೂರನ ಒಗೆದ ಪೈಜಾಮ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನಂಜುಂಡಯ್ಯ ಮರಿಯಪ್ಪನ ಪಕ್ಕಕ್ಕೆ ಬಂದು, "ದಾರಿ ತಪ್ಪಿದ್ದು ನಿಂಗೆ ಯಾವಾಗ್ ಗೊತ್ತಾಯ್ತಲಾ?" ಎಂದು ಕೇಳಿದ.

"ನೀಲಗಿರಿ ತೋಪಲ್ಲೇ."

"ಶುಕೂರ್‍ಗೆ?"

"ಅವನೇ ಕಣ್ಲಾ ನಂಗೆ ಸನ್ನೆ ಮಾಡಿದ್ದು. ಏನೂ ಹೇಳ್ಬ್ಯಾಡ, ಅವನ ಸರದಿ ಅಂತ."

ರಸ್ತೆಗೆ ಮುಟ್ಟಿದಾಗ ಐದೂವರೆ ದಾಟಿತ್ತು. ಬಸ್ಸಿನ ನಿಲ್ದಾಣವೆಂದು ನೆಟ್ಟ ಒಂದು ಕಲ್ಲುಬೆಂಚು, ಮುಚ್ಚಿದ ಬೀಡಿ ಅಂಗಡಿ. ಶುಕೂರನ ಜೇಬಿನಲ್ಲಿ ಮೊಬೈಲು ಮೇಲಿಂದ ಮೇಲೆ ಕಿರುಗುಟ್ಟಿತು. ಇಡೀ ಮಧ್ಯಾಹ್ನ ಬರಲಾಗದೆ ಕಾಯುತ್ತಿದ್ದ ಕರೆಗಳ ಸುದ್ದಿಯೆಲ್ಲ ಒಮ್ಮೆಲೇ ಬಂತು. ಅವನು ಸಂಖ್ಯೆ ಒತ್ತಿ ಕಿವಿಗಿಟ್ಟುಕೊಂಡ. ಆಚೆಯಿಂದ ಅಕ್ಬರಿ ಬೇಗಂ ಪಿಸುದನಿಯಲ್ಲೇ ಚೀರುತ್ತಿದ್ದುದು ಮೂವರಿಗೂ ಕೇಳಿಸಿತು. ಬಂದಿದ್ದಾರೆ, ಕೂತಿದ್ದಾರೆ, ಮನೆಯ ಯಜಮಾನ ಎಲ್ಲಿ ಎಂದು ಎರಡು ಸಲ ಕೇಳಿದ್ದಾರೆ, ಏನು ಹೇಳಲಿ? ಗುಡ್ಡ ಸುತ್ತಲು ಹೋಗಿದ್ದಾನೆಂದು ಹೇಳಲೇ? ಶುಕೂರ್ ರಸ್ತೆಯನ್ನು ನೋಡಿದ, ತನ್ನ ಪೈಜಾಮವನ್ನು ನೋಡಿದ, ಆಮೇಲೆ ನಂಜುಂಡಯ್ಯನನ್ನು ನೋಡಿದ. ಹುಡುಕಾಡಿ ಕೈಗೆ ಸಿಕ್ಕ ವಸ್ತುವನ್ನು ನೋಡುವ ಹಾಗೆ ನೋಡಿದ. ಇಷ್ಟು ವರ್ಷದ ಒಡನಾಟದಲ್ಲಿ ಶುಕೂರನ ಮನೆಮಾತಿನ ಉರ್ದು ನಂಜುಂಡಯ್ಯನಿಗೆ ತಿಳಿಯುವಷ್ಟು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ನಂಜುಂಡಯ್ಯನಿಗೆ ಎದೆನೋವು ಬಂದುಬಿಟ್ಟಿತು, ಆಸ್ಪತ್ರೆಯಲ್ಲಿದ್ದೇನೆ, ಅವನ ಪಕ್ಕ ಯಾರೂ ಇಲ್ಲ, ಹೇಗೆ ಬಿಟ್ಟು ಬರಲಿ, ಎಂದ ಶುಕೂರ್. ದನಿ ಸ್ವಲ್ಪವೂ ಅಳುಕಲಿಲ್ಲ.

ಆಚೆ ಫೋನು ಕೈ ಬದಲಾಯಿತು, ಗಂಭೀರವಾದ ಗಂಡುದನಿ. ಶುಕೂರ್ "ಜೀ, ಜೀ," ಎನ್ನುತ್ತ ನೆಟ್ಟಗೆ ನಿಂತ. ಆಮೇಲೆ ಅವನ ಮುಖದ ಬಣ್ಣ ಹೋಯಿತು. ಫೋನನ್ನು ನಂಜುಂಡಯ್ಯನ ಕಡೆ ಚಾಚಿ, ತುಟಿಯಲ್ಲಷ್ಟೇ ಹೇಳಿದ: "ನಿನ್ ಜೊತೆ ಮಾತಾಡ್ಬೇಕಂತೆ."

"ನಂಜುಂಡಯ್ಯನೋರಾ? ನಾನು ಮುನಾವರ್ ಅಂತ, ಚನ್ನಪಟ್ಟಣ. ತಾವು ಮಾತಾಡ್ಬೇಡಿ, ಆಯಾಸ ಆಗ್ತದೆ. ನಾನು ಕೇಳಿದ್ದಕ್ಕೆ ಹ್ಞೂ ಅನ್ನಿ ಸಾಕು. ಉಸಿರು ಸರಾಗವಾಗಿದೆಯಾ?"

"ಹ್ಞೂ."

"ಶುಕೂರ್ ಸಾಹೇಬರು ಪಕ್ಕದಲ್ಲೇ ಇದ್ದಾರಲ್ಲ?"

ಶುಕೂರ್ ಬೆಂಚಿನ ಅಂಚಿಗೆ ಮಂಡಿಯೂರಿ ಅವನ ಬಾಯನ್ನೇ ನೋಡುತ್ತಿದ್ದ. "ಹ್ಞೂ."

"ನೋಡಿ, ನನ್ನ ತಮ್ಮನಿಗೆ ಹೀಗೇ ಆಗಿತ್ತು. ಪಕ್ಕದಲ್ಲಿ ಯಾರೂ ಇರ್ಲಿಲ್ಲ. ಹೋಗ್ಬಿಟ್ಟ. ಮಗಳ ಮಾತುಕತೆ ದಿವಸ ಸ್ನೇಹಿತನ ಹತ್ರ ಕೂತಿದ್ದಾರೆ ಅಂದ್ರೆ, ಅಂಥ ಮನೆಯಿಂದ ಹೆಣ್ಣು ತರೋಕೆ ನಾನು ಇನ್ನೇನು ಕೇಳ್ಲಿ? ಹೇಳಿ ಅವರಿಗೆ, ನಮ್ಮ ಕಡೆಯಿಂದ ಒಪ್ಪಿಗೆ ಅಂತ. ತಾವೇ ಹೇಳಿ, ತಮ್ಮ ಬಾಯಿಂದ." ಆಮೇಲೆ ಅವರು ಉರ್ದುವೂ ಅಲ್ಲದ, ಅವನಿಗೆ ಅರ್ಥವಾಗದ ಭಾಷೆಯಲ್ಲಿ, ಮೆಲ್ಲನೆ, ಅವಸರವಿಲ್ಲದೆ ಪ್ರಾರ್ಥಿಸತೊಡಗಿದರು. ನಂಜುಂಡಯ್ಯನೆಂಬ ಹೆಸರು ಆ ಪ್ರಾರ್ಥನೆಯ ನಡುವೆ ಎರಡು ಸಲ ಬಂತು. ಅವನು ಫೋನನ್ನು ಕಿವಿಯಿಂದ ತೆಗೆಯಬೇಕೆಂದುಕೊಂಡ, ತೆಗೆಯಲಾಗಲಿಲ್ಲ. ಪ್ರಾರ್ಥನೆ ಮುಗಿದಾಗ ನಿಜವಾಗಿಯೂ ಉಸಿರು ಕಟ್ಟಿದಂತಾಗಿ, ಬಾಯಿಂದ ಬಂದದ್ದು ಕಾಯಿಲೆಯವನ ದನಿಯೇ ಆಗಿತ್ತು: "ಹ್ಞೂ."

"ನಾಳೆ ಬೆಳಿಗ್ಗೆ ಬಂದು ನೋಡ್ಕೊಂಡು ಹೋಗ್ತೀವಿ," ಎಂದರು ಮುನಾವರ್. ಶುಕೂರ್ ಫೋನು ಕಸಿದುಕೊಂಡು, ಇವತ್ತೇ ಮನೆಗೆ ಕಳಿಸುತ್ತಾರಂತೆ, ಮನೆಗೇ ಬನ್ನಿ ಎಂದು ನಂಜುಂಡಯ್ಯನ ಮನೆಯ ವಿಳಾಸ ಹೇಳಿದ.

ಲೋಕೇಶನಿಗೆ ಮೊದಲು ನಗು ಬಂತು. "ಏನ್ಲಾ ಇದು, ದಾರಿ ತಪ್ಪಿದ್ದಕ್ಕೆ ಮದ್ವೆ ಆಗೋಯ್ತಲ್ಲಾ!" ಎಂದ. ಯಾರೂ ಜೊತೆಗೂಡದಿದ್ದರಿಂದ ನಗು ನಡುವೆಯೇ ನಿಂತಿತು. ಶುಕೂರ್ ಬೆಂಚಿನ ಮೇಲೆ ನಂಜುಂಡಯ್ಯನ ಪಕ್ಕ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನು ಅಳುತ್ತಿದ್ದನೋ ಧೂಳು ತೆಗೆಯುತ್ತಿದ್ದನೋ ತಿಳಿಯಲಿಲ್ಲ.

"ತಂಗೀಗೆ ಹೇಳ್ಬಿಡು," ಎಂದ. ನಂಜುಂಡಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮನನ್ನು ಅವನು ಹಾಗೆಯೇ ಕರೆಯುತ್ತಿದ್ದ. "ಬೆಳಿಗ್ಗೆ ನೀನು ಹಾಸಿಗೆ ಮೇಲೆ ಇರ್ಬೇಕು."

"ಇರ್ತೀನಿ."

"ಎರಡು ದಿವಸ ಬಿಟ್ಟು ಕೆಲಸಕ್ಕೆ ಹೋಗು, ಪರವಾಗಿಲ್ಲ. ಪ್ಯಾಕಿಂಗ್‍ನಲ್ಲಿ ಕೂತ್ಕೊಂಡೇ ಇರ್ತೀಯಲ್ಲ, ಅದೂ ಸರಿಹೋಗ್ತದೆ." ಹೇಳಿದ ಮೇಲೆ, ಇಷ್ಟು ದಿನ ನೋಡದಂತಿದ್ದ ಸ್ಟೂಲನ್ನು ಈಗ ನೋಡಿಬಿಟ್ಟೆನೆಂದು ಅವನಿಗೂ ಅನಿಸಿರಬೇಕು, ತಡವರಿಸಿದ. "ಆದ್ರೆ ಇದಕ್ಕೆ... ನಡಿಗೆಗೆ ನೀನು ಇನ್ನು ಬರೋ ಹಂಗಿಲ್ಲ ನಂಜು. ಎದೆನೋವಿನವನು ಗುಡ್ಡ ಹತ್ತೋದನ್ನ ಯಾರಾದ್ರೂ ಕಂಡು, ಅವರ ಕಿವಿಗೆ ಬಿದ್ರೆ?"

"ಎಲ್ಲೀವರ್ಗೆ?"

"ನಿಕಾಹ್ ಆಗಲಿ."

"ಆಮ್ಯಾಕೆ?"

ಶುಕೂರ್ ಯೋಚಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇಲ್ಲದಿರುವುದನ್ನು ನಂಜುಂಡಯ್ಯ ಎಲ್ಲೆಲ್ಲೋ ಹುಡುಕಿದ. "ಆಮೇಲೆ ಅವರು ನಮ್ಮ ಬೀಗರಪ್ಪ. ಬೀಗರಿಗೆ, ಅವತ್ತು ಸುಳ್ಳು ಹೇಳಿದ್ದೆ ಅಂತ ಹೇಳೋಕಾಗ್ತದಾ? ಮಗಳನ್ನ ಆ ಮನೇಲಿ ಇಟ್ಕೊಂಡು?"

ಉತ್ತರ ಹೇಳುವಷ್ಟರಲ್ಲಿ ತಿರುವಿನಲ್ಲಿ ಬಸ್ಸು ಕಂಡಿತು. ಚನ್ನಪಟ್ಟಣಕ್ಕೆ ಹೋಗುವ ಕೊನೆಯ ಬಸ್ಸು, ಕಬ್ಬಾಳಮ್ಮನ ಸನ್ನಿಧಿಯಿಂದ ಮರಳುವವರಿಂದ ಕಿಕ್ಕಿರಿದಿತ್ತು. ಅದರಲ್ಲಿ ಮುನಾವರ್ ಸಾಹೇಬರ ಗುರುತಿನವರು ಯಾರಿದ್ದಾರೋ ಹೇಳುವಂತಿರಲಿಲ್ಲ. ನಂಜುಂಡಯ್ಯ ಎದ್ದ. ಅವನ ಕಾಲುಗಳಲ್ಲಿ ಒಂದಿಷ್ಟೂ ನೋವಿರಲಿಲ್ಲ. ಚನ್ನಪಟ್ಟಣದವರೆಗೂ ನಡೆದುಬಿಡಬಲ್ಲೆ ಎನಿಸಿತು. ಹಾಗೆನಿಸಿದ್ದು ಇದೇ ಮೊದಲು. ಅಷ್ಟರಲ್ಲಿ ಮರಿಯಪ್ಪ ಅವನ ಎಡತೋಳನ್ನೂ ಲೋಕೇಶ್ ಬಲತೋಳನ್ನೂ ಹಿಡಿದಿದ್ದರು. ಅವನು ಮೈಯನ್ನು ಸಡಿಲ ಬಿಟ್ಟ. "ಒಸಿ ಜಾಗ ಬುಡ್ರಪ್ಪ, ಉಸಾರಿಲ್ಲ ಇವ್ರಿಗೆ," ಎಂದು ಮರಿಯಪ್ಪ ಕೂಗಿದ. ಹಣೆಯ ತುಂಬ ಕುಂಕುಮವಿದ್ದ ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಎದ್ದು ಸೀಟು ಬಿಟ್ಟುಕೊಟ್ಟು, "ಅಯ್ಯೋ ಪಾಪ, ಏನಾಯ್ತಣ್ಣ?" ಎಂದಳು. ಗೆಳೆಯರು ಮೂವರೂ ಮೇಲಿನ ಕಂಬಿಗೆ ಜೋತುಬಿದ್ದು ನಿಂತರು. ಬಸ್ಸಿನ ಅಷ್ಟೂ ಕಣ್ಣುಗಳು ತನ್ನ ಮೇಲೆಯೇ ಇರುವುದನ್ನು ಕಂಡ ನಂಜುಂಡಯ್ಯ ಏನಾದರೂ ಮಾಡಬೇಕೆಂದು ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಶುಕೂರ್ ನೀರು ಕುಡಿಸುವವನ ಹಾಗೆ ಅವನ ಮೇಲೆ ಬಾಗಿ, ಯಾರಿಗೂ ಕಾಣದಂತೆ, ಆ ಕೈಯನ್ನು ಹಿಡಿದು ಎದೆಯ ಬಲಗಡೆಯಿಂದ ಎಡಗಡೆಗೆ ಸರಿಸಿದ.